ಹಸಿರು ಕ್ಲಿಪ್ಪು

ನಮ್ಮ ದೋಣಿ ಕ್ಲಬ್ಬಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಬಣ್ಣ ಹಿಡಿದು ಕರೆಯುತ್ತಿದ್ದೆವು. ಬಳೇಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುತ್ತಿದ್ದ ಯಜಮಾನರು ಹಳದಿ. ಬ್ಯಾಂಕಿನ ಗುಮಾಸ್ತರೊಬ್ಬರು ಕೆಂಪು. ಚಾಮರಾಜಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ರಾಯರು ಹಸಿರು. ನಾನೂ ಹಸಿರು. ಹಾಗಾಗಿ ಅವರು ದೊಡ್ಡ ಹಸಿರು, ನಾನು ಚಿಕ್ಕ ಹಸಿರು. ಬಸವನಗುಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ, ನಲವತ್ತು ದಾಟಿದ ಹೆಂಗಸನ್ನು ‘ಚಿಕ್ಕ’ ಎಂದು ಕರೆಯುವ ಜಾಗ ಬೆಂಗಳೂರಿನಲ್ಲಿ ಅದೊಂದೇ ಇತ್ತು. ನನಗೆ ಅದು ಇಷ್ಟವಾಗಿತ್ತು.

ತೊಂಬತ್ತರ ದಶಕದ ಮಾತು. ಭಾನುವಾರ ಬೆಳಿಗ್ಗೆ ನಾವು ಎಂಟು-ಹತ್ತು ಜನ ಮಲ್ಲೇಶ್ವರದ ಅಂಚಿನ ಕೆರೆಯ ಮೆಟ್ಟಿಲ ಮೇಲೆ ಸೇರುತ್ತಿದ್ದೆವು. ಮನೆಯಲ್ಲಿ ಕೈಯಾರೆ ಕಟ್ಟಿದ ಮೊಳದುದ್ದದ ದೋಣಿಗಳನ್ನು ನೀರಿಗೆ ಬಿಟ್ಟು, ದಡದಲ್ಲಿ ನಿಂತು ರಿಮೋಟಿನಿಂದ ಓಡಿಸುತ್ತಿದ್ದೆವು. ವಾಕಿಂಗಿಗೆ ಬಂದವರು, “ಏನ್ರೀ, ಮೊಮ್ಮಕ್ಕಳಿಗಾ?” ಎಂದು ಕೇಳಿ ನಗುತ್ತಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಏನಾದರೂ ಅಂದುಬಿಡುತ್ತಿದ್ದೆ. ರಾಯರು ಮಾತ್ರ ಸಮಾಧಾನವಾಗಿ, “ಇಲ್ಲ ಸ್ವಾಮಿ, ನಮಗೇ” ಎನ್ನುತ್ತಿದ್ದರು.

ಬಣ್ಣದ ವಿಷಯ ಹೇಳಬೇಕು. ಆಗಿನ ರಿಮೋಟುಗಳೊಳಗೆ ಕ್ರಿಸ್ಟಲ್ ಎನ್ನುವ, ಉಗುರಿನಷ್ಟು ದೊಡ್ಡ ತಗಡಿನ ಡಬ್ಬಿಯೊಂದು ಇರುತ್ತಿತ್ತು. ಅದರ ಅಲೆಗೆ ತಕ್ಕಂತೆ ಒಂದೊಂದಕ್ಕೂ ಒಂದೊಂದು ಬಣ್ಣ. ಒಂದೇ ಬಣ್ಣದ ಎರಡು ರಿಮೋಟುಗಳನ್ನು ಒಟ್ಟಿಗೆ ಆನ್ ಮಾಡಿದರೆ ಮುಗಿಯಿತು, ಯಾರ ಮಾತು ಕೇಳಬೇಕೆಂದು ದೋಣಿಗೆ ತಿಳಿಯುವುದಿಲ್ಲ. ಅದಕ್ಕೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದೆವು. ಕೆರೆಯ ಕಟ್ಟೆಯ ಮೇಲೆ ಒಂದು ಹಲಗೆ; ಅದರಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಬಣ್ಣಕ್ಕೊಂದರಂತೆ. ನಿಮ್ಮ ಬಣ್ಣದ ಕ್ಲಿಪ್ಪನ್ನು ತೆಗೆದು ಅಂಗಿಗೆ ಸಿಕ್ಕಿಸಿಕೊಂಡ ಮೇಲೆಯೇ ರಿಮೋಟ್ ಮುಟ್ಟಬೇಕು. ಕ್ಲಿಪ್ಪು ಹಲಗೆಯಲ್ಲಿ ಇಲ್ಲವೆಂದರೆ ನಿಮ್ಮ ಬಣ್ಣದವರು ನೀರಿನ ಮೇಲಿದ್ದಾರೆ ಎಂದರ್ಥ. ಕಾಯಬೇಕು.

ಈ ಹಲಗೆ ಮಾಡಿದವಳು ನಾನು. ಕ್ಲಿಪ್ಪುಗಳಿಗೆ ಬಣ್ಣ ಬಳಿದವಳೂ ನಾನೇ. ಹಸಿರಿಗೆ ನಮ್ಮ ಮನೆ ಗೇಟಿಗೆ ಹೊಡೆದು ಉಳಿದ ಪೇಂಟು. ಕಟ್ಟುಪಾಡು ಮುರಿದವರ ಮೇಲೆ ಹರಿಹಾಯುತ್ತಿದ್ದವಳೂ ನಾನೇ. ಒಮ್ಮೆ ಕೆಂಪಿನ ಗುಮಾಸ್ತರು ಕ್ಲಿಪ್ಪು ತೆಗೆಯದೆ ಆನ್ ಮಾಡಿಬಿಟ್ಟರು. ಯಾರ ದೋಣಿಗೂ ಏನೂ ಆಗಲಿಲ್ಲ. ಆದರೂ ಎಲ್ಲರೆದುರು ಅವರನ್ನು ಎಂಟನೇ ಕ್ಲಾಸಿನ ಹುಡುಗನಂತೆ ನಿಲ್ಲಿಸಿ ಬೈದೆ. “ಒಂದು ತಿಂಗಳು ನೀವು ದೋಣಿ ಬಿಡೋ ಹಾಗಿಲ್ಲ” ಎಂದೆ. ಪಾಪ, ನಾಲ್ಕು ಭಾನುವಾರ ಬಂದು ಸುಮ್ಮನೆ ಕೂತು ಹೋದರು.

ಬೇರೆಯವರಿಗೆ ಒಂದೊಂದು ಬಣ್ಣವಿತ್ತು, ರಾಯರಿಗೂ ನನಗೂ ಸೇರಿ ಒಂದೇ. ಹಳದಿ ಯಜಮಾನರು ನನಗೆ ಬೇರೆ ಬಣ್ಣದ ಕ್ರಿಸ್ಟಲ್ ತರಿಸಿಕೊಡುತ್ತೇನೆ ಎಂದಿದ್ದರು. ನಾವಿಬ್ಬರೂ ಬೇಡ ಎಂದೆವು.

“ಒಬ್ರು ಬಿಡ್ಬೇಕು, ಒಬ್ರು ನೋಡ್ಬೇಕು. ನೋಡೋರಿಗೆ ಅವಲಕ್ಕಿ. ಇದಕ್ಕಿಂತ ಒಳ್ಳೆ ಏರ್ಪಾಡು ಯಾವ್ದಿದೆ?” ಎಂದರು ರಾಯರು.

ಅವರ ಹೆಂಡತಿ ಪ್ರತಿ ಭಾನುವಾರ ಸ್ಟೀಲ್ ಡಬ್ಬಿಯಲ್ಲಿ ಗೊಜ್ಜವಲಕ್ಕಿ ಕಳಿಸುತ್ತಿದ್ದರು, ಎರಡು ಚಮಚ ಇಟ್ಟು. ಅವರು ದೋಣಿ ಬಿಡುವಾಗ ನಾನು ತಿನ್ನುತ್ತಿದ್ದೆ, ನಾನು ಬಿಡುವಾಗ ಅವರು. ಮೂರು-ನಾಲ್ಕು ವರ್ಷ ನಾವು ಒಂದು ದಿನವೂ ಒಟ್ಟಿಗೆ ದೋಣಿ ಬಿಡಲಿಲ್ಲ. ಆದರೆ ಅವರ ದೋಣಿಯನ್ನು ನನ್ನಷ್ಟು ನೋಡಿದವರಿಲ್ಲ. ಬಿಳಿಯ ಲಾಂಚು, ಕಿಟಕಿಗಳಿಗೆಲ್ಲ ಹಳೆಯ ಕೈಗಡಿಯಾರದ ಗಾಜು. ನೀರಿನ ಮೇಲೆ ಎರಡು ಕಮಲದೆಲೆಗಳ ನಡುವೆ ಗೇಣು ಜಾಗವಿದ್ದರೂ ಎಲೆ ಅಲುಗದಂತೆ ದಾಟಿಸುತ್ತಿದ್ದರು. ಅರವತ್ತು ದಾಟಿದ್ದರೂ ಆ ಕೈ ಹಾಗಿತ್ತು. ಅಂಗಡಿಯಲ್ಲಿ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತಿಡುವಾಗಲೂ ಮಾತಾಡುತ್ತಲೇ ಇರುತ್ತಿದ್ದರು. ಅವರಿಗೆ ಅಹಂಕಾರವೇನಾದರೂ ಇದ್ದರೆ ಅದು ಆ ಕೈಗಳ ಮೇಲೆ ಮಾತ್ರ.

ಆ ಭಾನುವಾರ ನನಗೆ ತಡವಾಯಿತು. ಬಸ್ಸಿಳಿದು ಗೇಟು ದಾಟಿ ಮೊದಲ ಮೆಟ್ಟಿಲಿನ ಮೇಲೆಯೇ ಕೂತೆ. ಮರಗಳ ಮರೆಯಿಂದಾಗಿ ಅಲ್ಲಿಂದ ನಮ್ಮವರಿದ್ದ ಕಟ್ಟೆ ಕಾಣುತ್ತಿರಲಿಲ್ಲ. ನನ್ನ ದೋಣಿಯ ಚುಕ್ಕಾಣಿ ಕೆಟ್ಟಿತ್ತು, ಹಿಂದಿನ ದಿನವಷ್ಟೇ ನಾನೇ ರಿಪೇರಿ ಮಾಡಿದ್ದೆ. ಅದು ತಿರುಗುತ್ತದೋ ಇಲ್ಲವೋ ನೋಡುವ ಆತುರ. ದೋಣಿ ತೊಡೆಯ ಮೇಲಿತ್ತು, ನೀರಿನಲ್ಲಲ್ಲ. ಬಹುಶಃ ಅದಕ್ಕೇ ಕ್ಲಿಪ್ಪು ನೆನಪಾಗಲಿಲ್ಲ. ರಿಮೋಟ್ ಆನ್ ಮಾಡಿ, ದಿಕ್ಕಿನ ಕಡ್ಡಿಯನ್ನು ಪೂರ್ತಿ ಎಡಕ್ಕೆ ಎಳೆದೆ. ಚುಕ್ಕಾಣಿ ಟಕ್ಕನೆ ಎಡಕ್ಕೆ ತಿರುಗಿತು. ಖುಷಿಯಾಗಿ ವೇಗದ ಕಡ್ಡಿಯನ್ನೂ ತಳ್ಳಿದೆ. ಎಣಿಸಿದರೆ ಹತ್ತು ಸೆಕೆಂಡು.

ಆಚೆಯಿಂದ ಕೂಗು ಕೇಳಿಸಿತು. “ರಾಯರೇ, ಬಲಕ್ಕೆ! ಬಲಕ್ಕೆ ತಿರುಗ್ಸಿ!” ಆಮೇಲೆ ಕಲ್ಲಿಗೆ ಕಟ್ಟಿಗೆ ಬಡಿದ ಸದ್ದು.

ನನಗೆ ಆ ಗಳಿಗೆಯಲ್ಲೇ ಎಲ್ಲ ಅರ್ಥವಾಯಿತು. ಕೈ ತಾನಾಗಿಯೇ ರಿಮೋಟ್ ಆಫ್ ಮಾಡಿತು.

ನಾನು ಕಟ್ಟೆಗೆ ಹೋಗುವಷ್ಟರಲ್ಲಿ ಲಾಂಚು ಮುಳುಗಿತ್ತು. ಪೂರ್ತಿ ವೇಗದಲ್ಲಿ ಎಡಕ್ಕೆ ಹೊರಳಿ ಕಲ್ಲುಗೋಡೆಗೆ ಗುದ್ದಿಕೊಂಡಿತ್ತು. ರಾಯರು ಅಂಗಿಯ ಜೇಬಿಗೆ ಹಸಿರು ಕ್ಲಿಪ್ಪು ಸಿಕ್ಕಿಸಿಕೊಂಡು, ರಿಮೋಟ್ ಹಿಡಿದು ಹಾಗೇ ನಿಂತಿದ್ದರು. ಹಳದಿ ಯಜಮಾನರು, “ಯಾರಾದ್ರೂ ಹಸಿರು ಆನ್ ಮಾಡಿದ್ರೇನ್ರೀ?” ಎಂದು ಸುತ್ತ ನೋಡಿದರು.

ಉತ್ತರ ಕೊಟ್ಟವರು ಕೆಂಪಿನ ಗುಮಾಸ್ತರು. “ಇನ್ನೊಂದು ಹಸಿರು ಮೇಡಮ್ಮೋರ್ದು. ಕ್ಲಿಪ್ಪಿಲ್ದೆ ಅವ್ರು ಆನ್ ಮಾಡ್ತಾರಾ? ಸೂರ್ಯ ಪಶ್ಚಿಮದಲ್ಲಿ ಹುಟ್ಬೇಕು.”

ಎಲ್ಲರೂ ನಕ್ಕರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೇಕಾಯಿ ಎಂದು ನನ್ನ ಮುಖಕ್ಕೇ ಹೇಳುವ ಹಕ್ಕಿದ್ದ ಒಬ್ಬ ಮನುಷ್ಯ, ನನ್ನನ್ನು ಕಾಪಾಡಿಬಿಟ್ಟ. ಈಗಲ್ಲ, ಸಂಜೆ ಅಂಗಡಿಗೆ ಹೋಗಿ ರಾಯರೊಬ್ಬರಿಗೇ ಹೇಳೋಣ ಎಂದುಕೊಂಡೆ. ಕೆರೆಯಲ್ಲಿ ಬಾಡಿಗೆ ದೋಣಿ ನಡೆಸುವ ಬೋಟಿಂಗಿನವನು ಉದ್ದನೆಯ ಕೋಲಿನಿಂದ ಲಾಂಚನ್ನು ಮೇಲೆತ್ತಿ ಕೊಟ್ಟ. ಮೂತಿ ಒಡೆದಿತ್ತು. ರಾಯರು ಅದನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟರು. ಜೇಬಿನ ಕ್ಲಿಪ್ಪು ಅವರ ಜೊತೆಯೇ ಹೋಯಿತು.

ಆ ಸಂಜೆ ಹೋಗಲಿಲ್ಲ. ಬುಧವಾರ ಹೋದೆ. ಅಂಗಡಿಯ ಮೇಜಿನ ಮೇಲೆ ಲಾಂಚಿನ ಒಂದೊಂದು ಭಾಗವನ್ನೂ ಬಿಚ್ಚಿ ಬಿಳಿಬಟ್ಟೆಯ ಮೇಲೆ ಜೋಡಿಸಿಟ್ಟಿದ್ದರು.

“ಎಲ್ಲಾ ನೋಡ್ದೆ ಕಣಮ್ಮ. ಬ್ಯಾಟರಿ ಸರಿಯಿದೆ, ವೈರು ಸರಿಯಿದೆ, ಚುಕ್ಕಾಣಿ ಸರಿಯಿದೆ. ಯಂತ್ರದಲ್ಲಿ ತಪ್ಪಿಲ್ಲ ಅಂದ್ಮೇಲೆ ತಪ್ಪು ಕೈಯ್ದು ತಾನೆ?” ಎಂದರು. ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು. “ನಾನು ಬಲಕ್ಕೆ ಅಂದೆ, ಇದು ಎಡಕ್ಕೆ ಎಳೀತು. ನಮ್ಮಪ್ಪಂಗೂ ಕೈ ನಡುಕ ಹೀಗೇ ಶುರುವಾಗಿದ್ದು.”

ಗಡಿಯಾರದವರ ಲೆಕ್ಕಾಚಾರ ಅದು. ಒಂದೊಂದನ್ನೇ ಪರೀಕ್ಷಿಸಿ, ಸರಿಯಿದ್ದದ್ದನ್ನು ಬದಿಗಿಟ್ಟು, ಕೊನೆಗೆ ಉಳಿದದ್ದೇ ದೋಷ. ಅವರ ಲೆಕ್ಕದಲ್ಲಿ ಸೇರದೆ ಹೋದ ಒಂದೇ ಒಂದು ಭಾಗ ಎದುರಿನ ಸ್ಟೂಲಿನ ಮೇಲೆ ಕೂತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಕೂತಿದ್ದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನನಗೆ ಹೆದರಿಕೆ ರಾಯರದಲ್ಲ. ಕ್ಲಬ್ಬಿನಲ್ಲಿ ನಾಲ್ಕು ಭಾನುವಾರ ಸುಮ್ಮನೆ ಕೂರುವ ಅವಮಾನದ್ದು. ಇಷ್ಟು ಸಣ್ಣದಕ್ಕೆ ಹೆದರಿದೆನೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. “ಬಿಡಿ ರಾಯರೇ, ಒಂದ್ಸಲ ಆಗತ್ತೆ” ಎಂದು ಹೇಳಿ ಎದ್ದು ಬಂದೆ.

ಕೈ ನಡುಗುತ್ತದೆ ಎಂದು ನಂಬಿದವರಿಗೆ ಕೈ ನಡುಗತೊಡಗುತ್ತದೆ. ರಾಯರು ಮೊದಲು ಲೇಡೀಸ್ ವಾಚುಗಳನ್ನು ತೆಗೆದುಕೊಳ್ಳುವುದು ಬಿಟ್ಟರು. ಆಮೇಲೆ ಕೈಗಡಿಯಾರಗಳನ್ನೇ ಬಿಟ್ಟು ಗೋಡೆ ಗಡಿಯಾರ ಮಾತ್ರ ನೋಡಿದರು. ಒಂದೂವರೆ ವರ್ಷಕ್ಕೆ ಅಂಗಡಿ ಮುಚ್ಚಿದರು. ಉಪಕರಣಗಳನ್ನು ಯಾರಿಗೋ ಕೊಟ್ಟುಬಿಟ್ಟರಂತೆ. ಕೆರೆಯ ಕಡೆಗಂತೂ ಮತ್ತೆ ಬರಲೇ ಇಲ್ಲ. ಹಲಗೆಯಲ್ಲಿ ಹಸಿರಿನ ಜಾಗ ಖಾಲಿಯಾಗಿಯೇ ಇತ್ತು. “ಇನ್ನೊಂದು ಕ್ಲಿಪ್ಪಿಗೆ ಬಣ್ಣ ಹಚ್ಚಿ ಮೇಡಂ” ಎಂದರು ಎಲ್ಲರೂ. ಹಚ್ಚಲಿಲ್ಲ. ನನ್ನ ದೋಣಿ ಅಟ್ಟ ಸೇರಿತು.

ಒಂಬತ್ತು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಕ್ರಿಸ್ಟಲ್ ಬೇಕಿಲ್ಲದ ಹೊಸ ರಿಮೋಟುಗಳು ಬಂದವು. ಯಾರು ಬೇಕಾದರೂ ಯಾವಾಗ ಬೇಕಾದರೂ ಆನ್ ಮಾಡಬಹುದು, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಕ್ಲಬ್ಬಿನವರೆಲ್ಲ ಹಳೆಯದನ್ನು ಬಿಸಾಡಿ ಹೊಸದು ಕೊಂಡರು. ಹಳದಿ ಯಜಮಾನರು ಒಂದು ದಿನ ಹಲಗೆಯನ್ನು ಪೇಪರಿನಲ್ಲಿ ಸುತ್ತಿ ತಂದು, “ಇದಕ್ಕಿನ್ನೇನು ಕೆಲಸ ಇಲ್ಲ, ನೀವೇ ಇಟ್ಕೊಳಿ ಮೇಡಂ” ಎಂದು ನನ್ನ ಕೈಗೆ ಕೊಟ್ಟು ಹೋದರು. ಆ ಖಾಲಿ ಜಾಗ ನೋಡಿಕೊಂಡು ಮನೆಯಲ್ಲಿ ಕೂರಲಾಗಲಿಲ್ಲ. ಗವಿಪುರದಲ್ಲಿದ್ದ ರಾಯರ ಮನೆಗೆ ಹೋದೆ.

ರಾಯರು ಇಳಿದುಹೋಗಿದ್ದರು. ನನ್ನನ್ನು ನೋಡಿದವರೇ ಒಳಗೆ ಹೋಗಿ, ದೇವರ ಗೂಡಿನ ಕೆಳಗಿನ ಡ್ರಾಯರಿನಿಂದ ಹಸಿರು ಕ್ಲಿಪ್ಪು ತಂದರು.

“ಆವತ್ತು ಜೇಬಲ್ಲೇ ಬಂದ್ಬಿಡ್ತಮ್ಮ. ಇದಿಲ್ದೆ ನೀನು ದೋಣಿನೇ ಬಿಡ್ಲಿಲ್ವಂತೆ. ನಿನ್ನ ಸರದಿನೂ ನಾನೇ ತಿಂದ್ಹಾಕ್ದೆ. ತಪ್ಪಾಯ್ತು, ಕ್ಷಮಿಸ್ಬಿಡು” ಎಂದರು.

ಇನ್ನು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ: ಮೊದಲ ಮೆಟ್ಟಿಲು, ತೊಡೆಯ ಮೇಲಿನ ದೋಣಿ, ಹತ್ತು ಸೆಕೆಂಡು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಬದುಕುತ್ತಿದ್ದೆ. ರಾಯರ ಮುಖ ಅರಳಿತು.

“ಹಾಗಾದ್ರೆ ನನ್ನ ಕೈ ಸರಿಯಾಗಿತ್ತಾ?”

“ಸರಿಯಾಗಿತ್ತು ರಾಯರೇ.”

“ಕೇಳಿದ್ಯೇನೇ?” ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿದರು. “ನನ್ನ ಕೈ ಸರಿಯಾಗೇ ಇತ್ತಂತೆ!”

ಅವರ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು. “ಕೇಳಿಸ್ತು” ಎಂದರು. ನನ್ನನ್ನೇ ನೋಡಿ, “ಅಂಗಡಿ ಮುಚ್ಚೋಕ್ ಮುಂಚೆ ಒಂದ್ ಮಾತು ಹೇಳ್ಬಾರ್ದಿತ್ತೇನಮ್ಮ?” ಎಂದರು. ಅಷ್ಟೇ. ಕಾಫಿ ಕೊಟ್ಟರು. ಕುಡಿದೆ, ಹೇಗೆ ಕುಡಿದೆನೋ ಗೊತ್ತಿಲ್ಲ.

ರಾಯರ ಒತ್ತಾಯಕ್ಕೆ ಮುಂದಿನ ಭಾನುವಾರ ನನ್ನ ಹಳೆಯ ದೋಣಿಗೆ ಹೊಸ ಬ್ಯಾಟರಿ ಹಾಕಿ ಕೆರೆಗೆ ಒಯ್ದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಜೇಬಿಗೆ ಹಸಿರು ಕ್ಲಿಪ್ಪು. ಆವತ್ತು ಅವಲಕ್ಕಿ ಡಬ್ಬಿ ಬರಲಿಲ್ಲ. ನನ್ನ ರಿಮೋಟನ್ನು ಅವರ ಕೈಗೆ ಕೊಟ್ಟೆ.

ದೋಣಿ ಹತ್ತು ಮಾರು ನೇರ ಹೋಯಿತು. ಆಮೇಲೆ ಎಡಕ್ಕೆ ಎಳೆಯಿತು, ಬಲಕ್ಕೆ ಎಳೆಯಿತು, ಸೊಟ್ಟಸೊಟ್ಟಗೆ ಸುತ್ತತೊಡಗಿತು. ನಾನು ನೀರನ್ನು ನೋಡುತ್ತಿರಲಿಲ್ಲ, ಅವರ ಬೆರಳುಗಳನ್ನು ನೋಡುತ್ತಿದ್ದೆ. ಕಡ್ಡಿಯ ಮೇಲೆ ಅವು ನಿಲ್ಲಲಾರದೆ ನಡುಗುತ್ತಿದ್ದವು. ಈಗ ನಿಜವಾಗಿಯೇ ನಡುಗುತ್ತಿದ್ದವು.

ರಾಯರು ತಲೆಯೆತ್ತಿ ದಡದ ಉದ್ದಕ್ಕೂ ಕಣ್ಣಾಡಿಸಿದರು. ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

“ನೋಡಮ್ಮ, ಯಾರೋ ಹಸಿರು ಆನ್ ಮಾಡಿದಾರೆ” ಎಂದರು.

ಇಡೀ ಕೆರೆಯ ದಡದಲ್ಲಿ ಹಸಿರು ಕ್ರಿಸ್ಟಲ್ ಇದ್ದದ್ದು ಅವರ ಕೈಯಲ್ಲಿದ್ದ ರಿಮೋಟಿನಲ್ಲಿ ಮಾತ್ರ.

“ಹೌದು ರಾಯರೇ, ಯಾರೋ ಆನ್ ಮಾಡಿದಾರೆ. ಹೋಗಿ ಆಫ್ ಮಾಡ್ಸಿ ಬರ್ತೀನಿ” ಎಂದೆ. ಮರಗಳನ್ನು ಬಳಸಿಕೊಂಡು ಗೇಟಿನವರೆಗೂ ನಡೆದುಹೋಗಿ, ಆ ಮೊದಲ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಬಂದೆ.