ಬಾಯಿ ಹೊಲಿಯದ ಕೌದಿ

ಅವ್ವ ಹೊಲಿದ ಕೊನೆಯ ಕೌದಿಯನ್ನು ನಾನು ತಂಗಿಗೆ ಕೊಡಲಿಲ್ಲ. ಮುಟ್ಟಿಸು ಎಂದು ಅವ್ವ ನನ್ನ ಕೈಯಲ್ಲೇ ಇಟ್ಟಿದ್ದಳು. ಮರೆತೆ ಎಂದರೆ ಸುಳ್ಳಾಗುತ್ತದೆ. ಬೇಕಂತಲೇ ಬಚ್ಚಿಟ್ಟೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಖಾನಾಪುರದ ಮನೆಯಲ್ಲಿ ತಂಗಿ ಹುಟ್ಟಿದ ವರ್ಷ ಅವ್ವ ನನ್ನ ಶಾಲೆ ಬಿಡಿಸಿ, ಕೂಸನ್ನು ನನ್ನ ಸೊಂಟಕ್ಕೇರಿಸಿ ಭತ್ತದ ನಾಟಿಗೆ ಹೋದಳು. ನಾನು ಹೊತ್ತು ಬೆಳೆಸಿದ ಆ ಕೂಸು ಮುಂದೆ ಬೆಳಗಾವಿಯಲ್ಲಿ ಶಿಕ್ಷಕಿಯಾಯಿತು. ಒಮ್ಮೆ ತನ್ನ ಗೆಳತಿಯರ ಮುಂದೆ ಅಂದಳು:

"ನಮ್ಮಕ್ಕಗ ಬಸ್ಸಿನ ಬೋರ್ಡ ಓದಾಕ ಹಚ್ಚಬ್ಯಾಡ್ರಿ. ಖಾನಾಪುರಕ್ಕ ಹೋಗಾಕಿ ಗೋವಾ ಮುಟ್ಟತಾಳ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೋರ್ಡು ಓದಲು ನನಗೆ ಬರುತ್ತದೆ, ನಿಧಾನವಾಗಿ. ಆ ನಗುವನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡೆ.

ಅವ್ವ ಎಂಬತ್ತು ದಾಟಿದರೂ ಸುಮ್ಮನೆ ಕೂತವಳಲ್ಲ. ನಾಟಿಗೆ ಬಗ್ಗುವುದು ಬಿಟ್ಟ ಮೇಲೆ ಸೂಜಿ ಹಿಡಿದಳು. ದಾರದುಂಡೆ ತರಲು ತಾನೇ ರವಿವಾರ ಪೇಟೆಗೆ ಹೋಗುವಳು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ, "ನೀನ ಕುಂದರಪಾ, ದಣದಂಗ ಕಾಣತಿ," ಅನ್ನುವಳು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಪ್ರತಿ ಮೊಮ್ಮಗಳ ಚೊಚ್ಚಲ ಬಾಣಂತನಕ್ಕೆ ಒಂದೊಂದು ಕೌದಿ ಹೊಲಿದಳು. ಕಡೆಗೆ ಒಂದು ಮೂಲೆ ತೆರೆದಿಟ್ಟು, ಒಳಗೆ ಹೋಳಿಗೆಯ ಚೂರಿಟ್ಟು ಬಾಯಿ ಹೊಲಿಯುವಳು. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ ಎಂಬುದು ಅವಳ ನಂಬಿಕೆ.

ತಂಗಿಯ ಮಗಳು ಬಸುರಿಯಾದಾಗ ಅವ್ವ ಅವಳಿಗೂ ಹೊಲಿಯತೊಡಗಿದಳು. ಮೂಲೆಯೊಂದು ಉಳಿದಿತ್ತು, ಅಷ್ಟರಲ್ಲಿ ಹಾಸಿಗೆ ಹಿಡಿದಳು. "ಹೋಳಿಗಿ ಮಾಡಿ ಇಟ್ಟು, ಬಾಯಿ ಹೊಲದು ಕೊಟ್ಟ ಬಾ," ಎಂದಳು. ಹೂಂ ಅಂದೆ. ಎಂಟನೆಯ ದಿನ ಅವ್ವ ಹೋದಳು.

ಕರ್ಮವೆಲ್ಲ ಮುಗಿದ ಮೇಲೆ ತಂಗಿ ಕೇಳಿದಳು: "ಅಕ್ಕಾ, ನನ್ನ ಮಗಳಿಗೆ ಅವ್ವ ಏನರ ಹೊಲದಿಟ್ಟಾಳೇನ?"

"ಇಲ್ಲವಾ. ಬ್ಯಾರೇದವರಿಗೆ ಹೊಲಿಯೂದ್ರಾಗ ಅಕಿ ದಾರ ತೀರಿತು."

ಅವಳ ಮುಖ ಬಾಡಿದ್ದನ್ನು ಕಣ್ತುಂಬ ನೋಡಿದೆ. ಅಂದು ಉಂಡ ಅನ್ನ ರುಚಿಯಾಗಿತ್ತು. ಮೊಮ್ಮಗು ಹುಟ್ಟಿದಾಗ ಮತ್ತೆ ಕೇಳಿದಳು. ಮತ್ತೆ ಇಲ್ಲವೆಂದೆ. ಕೌದಿ ನನ್ನ ಟ್ರಂಕಿನಲ್ಲಿತ್ತು. ಆಗಾಗ ಮುಚ್ಚಳ ತೆಗೆದು ನೋಡಿ, ಅಷ್ಟು ಓದಿದವಳಿಗೆ ಇದು ತಿಳಿಯಲಿಲ್ಲವಲ್ಲ ಎಂದು ಹಿಗ್ಗುತ್ತಿದ್ದೆ.

ವರ್ಷದ ಪೂಜೆಗೆ ಎಲ್ಲರೂ ಕೂಡಿದಾಗ ತಂಗಿ ಅವ್ವನ ಫೋಟೋದ ಹತ್ತಿರವೂ ಹೋಗಲಿಲ್ಲ.

"ಮಮ್ಮಿ, ಆಯಿಗೆ ಹೂ ಏರಸು," ಎಂದಳು ಅವಳ ಮಗಳು.

"ನೀನ ಏರಸು. ಎಲ್ಲಾರಿಗೂ ಹೊಲದಾಕಿ ನಿನ್ನ ಒಬ್ಬಾಕಿನ್ನ ಬಿಟ್ಟಳು. ಭೇದ ಮಾಡಿ ಹ್ವಾದ್ಲು ಅಕಿ."

ತಂಗಿಗೆಂದು ಹೊಡೆದ ಏಟು ಅವ್ವನಿಗೆ ಬಿದ್ದಿತ್ತು. ತಿರುಗಿ ಮಾತಾಡಲು ಅವಳಿರಲಿಲ್ಲ.

ಮರುದಿನ ಹೋಳಿಗೆ ಮಾಡಿದೆ. ಮೂಲೆ ಹೊಲಿದೆ. ಅವ್ವನ ಸಾಲಿನ ಪಕ್ಕ ನನ್ನ ಹೊಲಿಗೆ ಸೊಟ್ಟಗೆ ಕಂಡಿತು. ಬೆಳಗಾವಿಯ ಬಸ್ಸು ಹತ್ತಿದೆ. ತಂಗಿಯ ಮೇಲಿನ ಸಿಟ್ಟು ಆಗಲೂ ಇತ್ತು, ಈಗಲೂ ಇದೆ. ಬಾಗಿಲು ತೆರೆದವಳ ಕೈಯಲ್ಲಿ ಕೌದಿ ಇಟ್ಟು, ಹೊಸ್ತಿಲ ಹೊರಗೇ ನಿಂತು ಹೇಳಿದೆ:

"ಅವ್ವ ಭೇದ ಮಾಡಿಲ್ಲ. ನಿನ್ನ ಮ್ಯಾಲಿನ ಸೇಡಿಗೆ ನಾನ ಮುಚ್ಚಿಟ್ಟಿದ್ನಿ. ತಪ್ಪಾತು ತಂಗಿ. ಅವ್ವನ ಮುಂದನೂ ತಪ್ಪಾತು."