ಶನಿಯನ್ನು ನೋಡಲು ತರಿಸಿದ ಕಪ್ಪು

ಆ ಕಪ್ಪು ಬಣ್ಣದ ಶೀಶೆ ನೆನಪಾದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಪರದೇಶದಿಂದ ಕೊರಿಯರ್‌ನಲ್ಲಿ ಶಹಾಪುರದ ನಮ್ಮ ಮನೆಗೆ ಬಂದಿತ್ತು. ಮೇಲೆ ಬಿದ್ದ ಬೆಳಕನ್ನೆಲ್ಲ ನುಂಗಿಬಿಡುವ ಬಣ್ಣ. ಕ್ಯಾಮೆರಾಗಳ, ಉಪಗ್ರಹಗಳ ಒಳಗೆ ಹಚ್ಚುತ್ತಾರಂತೆ. ನನಗೆ ಬೇಕಾಗಿದ್ದು ಪ್ಲಾಸ್ಟಿಕ್ ಪೈಪಿನಲ್ಲಿ ನಾನೇ ಕೂಡಿಸಿದ್ದ ಟೆಲಿಸ್ಕೋಪಿನ ಒಳಮೈಗೆ. ಓಣಿಯ ಹೈಮಾಸ್ಟ್ ದೀಪದ ಬೆಳಕು ಪೈಪಿನೊಳಗೆ ನುಗ್ಗಿ, ಮಜ್ಜಿಗೆ ಚೆಲ್ಲಿದಂತೆ ಕಾಣುವುದೆಲ್ಲ ಬೆಳ್ಳಗಾಗುತ್ತಿತ್ತು.

ಅವಸರ ಅಪ್ಪನದು. ಒಂದು ಕಣ್ಣು ಹೋಗಿತ್ತು, ಇನ್ನೊಂದೂ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅಪ್ಪ ಎಲ್ಲವನ್ನೂ ಶನಿಯ ತಲೆಗೆ ಕಟ್ಟಿ, ಶನಿವಾರ ತಪ್ಪದೆ ಎಳ್ಳೆಣ್ಣೆ ಸುರಿದು ಬರುತ್ತಿದ್ದ. “ಈ ಕಣ್ಣು ಪೂರಾ ಆರೂದ್ರಾಗ ಅವನ ಮಾರಿ ಒಮ್ಮಿ ತೋರಸವ್ವ,” ಎಂದಿದ್ದ.

ಪಾಠ ಮುಗಿಸಿ ಶಾಲೆಯಿಂದ ಬಂದು ನೋಡಿದರೆ ಶೀಶೆ ಖಾಲಿ! ಪಕ್ಕದಲ್ಲೇ ಮನೆ ಕಟ್ಟಿಸುತ್ತಿದ್ದ ಸೋದರಮಾವ ಒಯ್ದು, ದೃಷ್ಟಿ ತಾಗದಿರಲೆಂದು ಗೋಡೆಗೆ ತೂಗುಹಾಕುವ ರಾಕ್ಷಸನ ಮುಖಕ್ಕೆ ಬಳಿದುಬಿಟ್ಟಿದ್ದ. ಸಾಲದ್ದಕ್ಕೆ ನನ್ನ ಮೇಲೇ ತಕರಾರು.

“ಎಂಥಾ ಬಣ್ಣ ತರಸೀಯವ್ವ? ಮೂಗಿಲ್ಲ, ಬಾಯಿಲ್ಲ, ಗ್ವಾಡಿಗೆ ತೂತು ಬಿದ್ದಂಗ ಕಾಣಾಕತ್ತೈತಿ. ಮಂದಿ ನಗತಾರ!”

“ನಗಲಿ! ಕೇಳಲಾರದ ಯಾಕ ಮುಟ್ಟಿದ್ರಿ ಮಾವ?”

“ಅಯ್ಯ, ಕರೀ ಬಣ್ಣಕ್ಕ ಇಷ್ಟ್ಯಾಕ ಸಿಟ್ಟು? ಯಾದಗಿರಿಗೆ ಹೋದ್ರ ಡಬ್ಬಿಗಟ್ಟಲೆ ಸಿಗತೈತಿ.”

ಡಬ್ಬಿಯ ಬಣ್ಣ ಫಳಫಳ ಹೊಳೆಯುತ್ತದೆ, ಬಂದ ಬೆಳಕನ್ನು ಹೊರಗೆ ಎಸೆಯುತ್ತದೆ. ಯಾರಿಗೆ ಹೇಳಲಿ? ಮನೆಗೆ ಬಾಗಿಲೇ ಕೂತಿಲ್ಲ, ಆಗಲೇ ಊರವರ ಕಣ್ಣಿನ ಭಯ! ಸ್ವಂತ ಅಕ್ಕನ ಗಂಡ ಕುರುಡನಾಗುತ್ತಿರುವುದು ಮಾತ್ರ ಆ ಮನುಷ್ಯನಿಗೆ ಕಾಣಲಿಲ್ಲ.

ಇನ್ನೊಂದು ಶೀಶೆ ಬರುವವರೆಗೆ ಕಾಯುವ ಪುರಸೊತ್ತು ಅಪ್ಪನ ಕಣ್ಣಿಗಿರಲಿಲ್ಲ. ಸಿಟ್ಟಿನಲ್ಲೇ ಅವನ ಎಳ್ಳೆಣ್ಣೆ ಎತ್ತಿಕೊಂಡು ದೀಪಕ್ಕೆ ಸುರಿದೆ. ಅವ್ವ ಕಾಡಿಗೆ ಹಿಡಿಯುತ್ತಿದ್ದಂತೆ ದೀಪದ ಮೇಲೆ ತಾಟು ಬೋರಲು ಹಾಕಿ, ಮಸಿ ಕೂಡಿಸಿ, ಅಂಟಿನಲ್ಲಿ ಕಲಸಿ ಪೈಪಿನೊಳಗೆ ಬಳಿದೆ. ಶೀಶೆಯ ಬಣ್ಣದಷ್ಟು ಕಪ್ಪಲ್ಲ, ಆದರೆ ಹೊಳಪೂ ಇರಲಿಲ್ಲ.

“ಏ, ಶನಿದೇವರ ಎಣ್ಣಿ ಅದು!” ಎಂದು ಅಪ್ಪ ಒದರಿದ.

“ಅವನ್ನ ನೋಡಾಕ ಬಳಸೀನಿ. ಬಾ ಯಪ್ಪಾ.”

ಕತ್ತಲಾದ ಕೂಡಲೇ ಮಾಳಿಗೆ ಹತ್ತಿದೆವು. ಅಪ್ಪ ಕಣ್ಣು ಹಚ್ಚಿದ. ಕಪ್ಪಿನ ನಡುವೆ ಒಂದು ಸಣ್ಣ ಕಾಳು, ಅದರ ಸುತ್ತ ಬಳೆ.

“ಇಷ್ಟ ಅದಾನೇನ?” ಎಂದ. ಆಮೇಲೆ ಅವನಿಗೂ ಸಿಟ್ಟು ಬಂತು. “ಇಷ್ಟು ವರ್ಷ ಎಣ್ಣಿ ಸುರದ್ ಸುರದ್ ಸಾಕಾತು. ಹಾಳಾದಾಂವಗ ನಾ ಇಲ್ಲಿ ಅದೀನಿ ಅನ್ನೂದ ಗೊತ್ತಿಲ್ಲಲ್ಲ ಯವ್ವ!”