ಹೂವಪ್ಪನವರ ಅರ್ಧ ಮುಚ್ಚಳ

ಹೊಸನಗರದಲ್ಲಿ ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟಿರುವ ಹೂವಪ್ಪನವರು ಓದದೆಯೇ ದನದ ಡಾಕ್ಟರಾದವರು. ನಾಯಿಗೆ ಚಿಗಟ ಹತ್ತಿದೆ ಎಂದು ನೀವು ಹೇಳಿ ಮುಗಿಸುವ ಮೊದಲೇ ಅವರ ಕೈ ಗದ್ದೆಯ ಹುಳಕ್ಕೆ ಹೊಡೆಯುವ ಔಷಧಿಯ ಬಾಟಲಿ ಮೇಲಿರುತ್ತದೆ. "ನಾಯಿಗೆ ಒಂದ್ ಮುಚ್ಚಳ, ಬೆಕ್ಕಿಗೆ ಅರ್ಧ. ನೀರಿಗೆ ಹಾಕಿ ಮೈಗೆ ಹಚ್ಚಿ. ಎಂತ ಆಗಲ್ಲ ಮಾರಾಯ್ರೇ." ಬಾಟಲಿಯ ಮೇಲೆ ವಿಷ ಎಂದು ಬರೆದಿದೆಯಲ್ಲ ಎಂದರೆ, "ಅದು ಓದೋರಿಗೆ" ಎಂದು ನಗುತ್ತಾರೆ. ಪಶು ಆಸ್ಪತ್ರೆಗೆ ಹೊರಟವರನ್ನೂ ಕರೆದು ಕೂರಿಸಿ, ಚಹಾ ಕುಡಿಸಿ, ಮುಚ್ಚಳದ ಲೆಕ್ಕ ಹೇಳಿ ಕಳಿಸುವಂಥ ಧಾರಾಳ ಅವರದು. ಪ್ರಾಣಿ ಸತ್ತಿತೆಂದು ಬಂದವರಿಗೂ ಅವರಲ್ಲಿ ಉತ್ತರವಿದೆ: "ಹಾವು ಮುಟ್ಟಿರ್ಬೇಕು." ಅವರ ಮಾತು ನಂಬಿದರೆ ಈ ತಾಲ್ಲೂಕಿನಲ್ಲಿ ಜನರಿಗಿಂತ ಹಾವೇ ಹೆಚ್ಚು. ಅರ್ಧ ಮುಚ್ಚಳ ಹಚ್ಚಿದ ಮೈಯನ್ನು ನೆಕ್ಕಿಕೊಂಡು ನಮ್ಮ ಬೆಕ್ಕು ನಡುಗಿ ನಡುಗಿ ಸತ್ತಾಗ, ನಾನೂ ಹಿತ್ತಲಲ್ಲಿ ಹಾವು ಹುಡುಕಿದೆ. ಕಳೆದ ಭಾನುವಾರ ಏನೋ ಕೆಲಸಕ್ಕೆಂದು ಅವರ ಮನೆಗೆ ಹೋದರೆ, ಹೂವಪ್ಪನವರು ಜಗಲಿಯಲ್ಲಿ ತಮ್ಮ ಬೆಕ್ಕನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹೇನಿನ ಬಾಚಣಿಗೆಯಿಂದ ಒಂದೊಂದೇ ಚಿಗಟ ತೆಗೆದು ಸೋಪಿನ ನೀರಿಗೆ ಹಾಕುತ್ತಿದ್ದರು. ಅರ್ಧ ಮುಚ್ಚಳ ಸಾಕಿತ್ತಲ್ಲ ಎಂದೆ. ಅವರು ತಲೆ ಎತ್ತದೆ ಹೇಳಿದರು: "ಬೆಕ್ಕು ಮೈ ನೆಕ್ತದಲ್ಲ ಮಾರಾಯ್ರೇ."